'ಸಿನ್ಸ್ 2019' ಅಂದಮೇಲೆ 'ಆಮ್ ವರ್ಕಿಂಗ್' ಬರುತ್ತದಾ, ಇಲ್ವಾ? ಇಂಗ್ಲಿಷ್ ಟೆನ್ಸ್ ತಲೆಬಿಸಿ

ಮಂಡಗದ್ದೆ ಹಕ್ಕಿ:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಒಂದು ಚಿಕ್ಕ ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ಬೆಂಗಳೂರಿನ ಒಂದು ಕಂಪನಿಗೆ ಅರ್ಜಿ ಹಾಕಿದ್ದೆ, ಮುಂದಿನ ವಾರ ಆನ್‌ಲೈನ್ ಇಂಟರ್‌ವ್ಯೂ ಇದೆ. ಮೊದಲನೇ ಪ್ರಶ್ನೆ ಹೇಗೂ "ನಿಮ್ಮ ಬಗ್ಗೆ ಹೇಳಿ" ಅಂತಲೇ ಇರುತ್ತದೆ ಅಂದುಕೊಂಡು ನಾಲ್ಕು ಸಾಲು ಬರೆದಿಟ್ಟುಕೊಂಡೆ. ಅಲ್ಲಿಂದ ಶುರುವಾಯ್ತು ನೋಡಿ.

ಬರೆದದ್ದು ಹೀಗೆ: "ಐ ಆಮ್ ವರ್ಕಿಂಗ್ ಇನ್ ಶಿವಮೊಗ್ಗ ಸಿನ್ಸ್ 2019." ಅಣ್ಣ ನೋಡಿ "ಹ್ಯಾವ್ ಬೀನ್ ವರ್ಕಿಂಗ್" ಅಂತ ತಿದ್ದಿದ. ಗೆಳತಿ "ಹ್ಯಾವ್ ವರ್ಕ್ಡ್" ಸಾಕು ಅಂದಳು. ಫೋನಿನಲ್ಲಿರುವ ಆ್ಯಪ್ ಅವರಿಬ್ಬರದ್ದೂ ಸರಿ ಅಂದಿತು. ಇನ್ನೊಂದು ಸಾಲು, "ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿಕಾಂ ಇನ್ 2018." ಅದರ ಕೆಳಗೆ ಕೆಂಪು ಗೆರೆ ಬಂತು. ಯಾಕೆ ಅಂತ ಆ್ಯಪ್ ಹೇಳುವುದಿಲ್ಲ. ಬಿಕಾಂ ಮುಗಿಸಿದ್ದೇನೆ ಅಲ್ವಾ? ಮುಗಿಸಿದ್ದೇನೆ ಅಂದರೆ ಹ್ಯಾವ್ ಕಂಪ್ಲೀಟೆಡ್ ಅಂತಲೇ ನಮಗೆ ಕಲಿಸಿದ್ದು.

ಹನ್ನೆರಡು ಟೆನ್ಸ್‌ಗಳ ಪಟ್ಟಿ ನನಗೆ ಇವತ್ತಿಗೂ ಬಾಯಿಪಾಠ ಇದೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೇನೆ. ಮಾತಾಡುವಾಗ ಅದರಲ್ಲಿ ಯಾವುದನ್ನು ಹಿಡಿಯಬೇಕು ಅಂತ ಮಾತ್ರ ಗೊತ್ತಾಗುವುದಿಲ್ಲ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಗಾಂಧಿಬಜಾರ್ ಗಿರಾಕಿ:

ಇಷ್ಟಕ್ಕೆಲ್ಲ ಯಾಕೆ ಮಾರಾಯ್ರೆ ತಲೆ ಕೆಡಿಸಿಕೊಳ್ಳುತ್ತೀರಿ? "ಐ ಆಮ್ ವರ್ಕಿಂಗ್ ಸಿನ್ಸ್ 2019" ಅಂದರೆ ಅರ್ಥ ಆಗದ ಮನುಷ್ಯ ಈ ದೇಶದಲ್ಲಿ ಇದ್ದಾನಾ? ಇಂಟರ್‌ವ್ಯೂ ಮಾಡುವವರೂ ಹಾಗೇ ಮಾತಾಡುತ್ತಾರೆ. ಟ್ಯಾಲಿ, ಜಿಎಸ್‌ಟಿ ಸರಿಯಾಗಿ ಗೊತ್ತಿದ್ದರೆ ಕೆಲಸ ಕೊಡುತ್ತಾರೆ. ಗ್ರಾಮರ್ ನೋಡಿ ಯಾರೂ ಸಂಬಳ ಹಾಕುವುದಿಲ್ಲ.

ಹೊಸನಗರದ ಮೇಷ್ಟ್ರು:

ಗಿರಾಕಿಯವರು ಹೇಳಿದ್ದು ಅರ್ಧ ನಿಜ. ಈ ವಾಕ್ಯ ಎಲ್ಲರಿಗೂ ಅರ್ಥ ಆಗುತ್ತದೆ. ಆದರೆ ಕೆಲವು ಕಡೆ ಅರ್ಥವೇ ಬೇರೆ ಆಗಿಬಿಡುತ್ತದೆ. ಅದು ಆಮೇಲೆ.

ಹಕ್ಕಿ ಮೇಡಂ, ಹನ್ನೆರಡರ ಪಟ್ಟಿ ಒಂದು ಕಡೆ ಇಡಿ. ಎಷ್ಟೋ ವರ್ಷ ಅದನ್ನೇ ಬೋರ್ಡಿನ ಮೇಲೆ ಬರೆದವನು ನಾನು, ಆದರೂ ಹೇಳುತ್ತೇನೆ. ಆ ಪಟ್ಟಿ ರೂಪಗಳನ್ನು ಕಲಿಸುತ್ತದೆ, ಯಾವಾಗ ಯಾವುದು ಅಂತ ಕಲಿಸುವುದಿಲ್ಲ. ನಿಮ್ಮ ಸಾಲುಗಳಿಗೆ ಎರಡು ಪ್ರಶ್ನೆ ಸಾಕು. ವಾಕ್ಯದಲ್ಲಿ ಹೇಳಿದ ಕಾಲ ಮುಗಿದುಹೋಗಿದೆಯಾ? ಹೇಳುತ್ತಿರುವ ಸಂಗತಿ ಈಗಲೂ ಇದೆಯಾ?

ಕನ್ನಡದಲ್ಲಿ "2019ರಿಂದ ಕೆಲಸ ಮಾಡುತ್ತಿದ್ದೇನೆ" ಅಂದರೆ ಮುಗೀತು. ಆ "ಇಂದ" ಇದೆಯಲ್ಲ, ಎಂದಿನಿಂದ ಅನ್ನುವುದನ್ನೆಲ್ಲ ಅದೇ ಹೇಳುತ್ತದೆ. ಕ್ರಿಯಾಪದ ಸುಮ್ನೆ ವರ್ತಮಾನದಲ್ಲೇ ಕೂತಿರುತ್ತದೆ. ಹಿಂದಿಯಲ್ಲೂ ಹಾಗೇ. ಜರ್ಮನ್, ಫ್ರೆಂಚ್ ಭಾಷೆಗಳಲ್ಲೂ ಹಾಗೇ, ಅಲ್ಲಿಯವರೂ ಇಂಗ್ಲಿಷ್ ಕಲಿಯುವಾಗ ಇದೇ ಜಾಗದಲ್ಲಿ ಎಡವುತ್ತಾರೆ. ಇಂಗ್ಲಿಷ್‌ಗೆ ಮಾತ್ರ ಸಿನ್ಸ್ ಒಂದೇ ಸಾಲದು. ಹಿಂದೆ ಶುರುವಾದದ್ದು ಇಲ್ಲಿಯವರೆಗೆ ಬಂದಿದೆ ಅನ್ನುವುದನ್ನು ಕ್ರಿಯಾಪದವೂ ಹೇಳಬೇಕು. ಅದಕ್ಕೇ "ಹ್ಯಾವ್ ಬೀನ್ ವರ್ಕಿಂಗ್". ಬರೀ "ಆಮ್ ವರ್ಕಿಂಗ್" ಅಂದರೆ ಈಗ, ಈ ದಿನಗಳಲ್ಲಿ ಅಂತ ಅಷ್ಟೇ. ಅದು 2019ರವರೆಗೆ ಹಿಂದಕ್ಕೆ ಹೋಗುವುದಿಲ್ಲ.

ನಿಮ್ಮ ಅಣ್ಣ, ಗೆಳತಿ ಇಬ್ಬರೂ ಸರಿ. ವರ್ಕ್, ಲಿವ್, ಟೀಚ್ ಇಂಥ ಕ್ರಿಯಾಪದಗಳಲ್ಲಿ ಎರಡು ರೂಪವೂ ನಡೆಯುತ್ತದೆ, ವ್ಯತ್ಯಾಸ ತೀರಾ ಸಣ್ಣದು.

ಇನ್ನು ಬಿಕಾಂ. 2018 ಮುಗಿದುಹೋದ ಕಾಲ. ಮುಗಿದ ಕಾಲವನ್ನು ಬಾಯಿಬಿಟ್ಟು ಹೇಳಿದಿರಿ ಅಂದಮೇಲೆ ಹ್ಯಾವ್ ಅಲ್ಲಿ ನಿಲ್ಲುವುದಿಲ್ಲ. "ಐ ಕಂಪ್ಲೀಟೆಡ್ ಮೈ ಬಿಕಾಂ ಇನ್ 2018." ಇಸವಿ ತೆಗೆದುಬಿಟ್ಟರೆ "ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿಕಾಂ" ಅನ್ನುವುದೂ ಸರಿಯೇ. ಕನ್ನಡದಲ್ಲಿ ಈ ಕಟ್ಟುಪಾಡು ಇಲ್ಲ. "ನಿನ್ನೆನೇ ಕಳಿಸಿದ್ದೇನೆ" ಅನ್ನುತ್ತೇವೆ, ಯಾರಿಗೂ ತಪ್ಪು ಅನ್ನಿಸುವುದಿಲ್ಲ. "ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ" ಅಂತ ನಮ್ಮ ಬಾಯಿಗೆ ಬರುವುದು ಅಲ್ಲಿಂದಲೇ.

ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿ. "ಶಿಮೊಗ ಬಿಕೇಮ್ ಶಿವಮೊಗ್ಗ ಇನ್ 2014." ಹೆಸರು ಬದಲಾದದ್ದು ಆವತ್ತು, ಅದು ಅಲ್ಲಿಗೆ ಮುಗೀತು. "ಇಟ್ ಹ್ಯಾಸ್ ಬೀನ್ ಶಿವಮೊಗ್ಗ ಸಿನ್ಸ್ 2014." ಆ ಹೆಸರು ಈಗಲೂ ಇದೆ. ಒಂದೇ ಇಸವಿ, ಎರಡು ರೂಪ. ಇನ್ ಅಂದಾಗ ಆ ವರ್ಷದೊಳಗೇ ನಿಂತಿರುತ್ತೀರಿ, ಸಿನ್ಸ್ ಅಂದಾಗ ಅಲ್ಲಿಂದ ಇಲ್ಲಿಯವರೆಗೆ ನಡೆದು ಬಂದಿರುತ್ತೀರಿ.

ಮಂಡಗದ್ದೆ ಹಕ್ಕಿ:

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಆ್ಯಪ್ ಯಾಕೆ ಕೆಂಪು ಗೆರೆ ಎಳೆಯಿತು ಅಂತ ಈಗ ಗೊತ್ತಾಯ್ತು. ಹಾಗಾದರೆ "ಲಾಸ್ಟ್" ಅಂತ ಇದ್ದರೆ ಯಾವಾಗಲೂ ಮುಗಿದ ಕಾಲ ಅಲ್ವಾ? "ಇನ್ ದಿ ಲಾಸ್ಟ್ ಫೈವ್ ಇಯರ್ಸ್ ಐ ಲರ್ನ್ಡ್ ಟ್ಯಾಲಿ" ಅಂತ ಬರೆದಿದ್ದೇನೆ.

ಹೊಸನಗರದ ಮೇಷ್ಟ್ರು:

ಇಲ್ಲ, ಅದು ಮೋಸದ ಜಾಗ. "ಲಾಸ್ಟ್ ಇಯರ್" ಅಂದರೆ ಕಳೆದ ವರ್ಷ, ಡಿಸೆಂಬರ್ 31ಕ್ಕೆ ಮುಗೀತು. "ಇನ್ ದಿ ಲಾಸ್ಟ್ ಫೈವ್ ಇಯರ್ಸ್" ಅಂದರೆ ಈ ಕ್ಷಣದಿಂದ ಹಿಂದಕ್ಕೆ ಐದು ವರ್ಷ. ಅದರ ಇನ್ನೊಂದು ತುದಿ ಇವತ್ತಿಗೇ ಅಂಟಿಕೊಂಡಿದೆ. ಅದಕ್ಕೇ "ಇನ್ ದಿ ಲಾಸ್ಟ್ ಫೈವ್ ಇಯರ್ಸ್ ಐ ಹ್ಯಾವ್ ಲರ್ನ್ಡ್ ಟ್ಯಾಲಿ" ಸರಿ. ಮುಗಿದ ಕಾಲವಾ ಅಂತ ನೋಡಬೇಕು ಅಂದೆನಲ್ಲ, ಅದು ಇಂಥದಕ್ಕೇ. ಶಬ್ದ ನೋಡಬೇಡಿ, ಆ ಕಾಲ ಇವತ್ತನ್ನು ಮುಟ್ಟುತ್ತದಾ ನೋಡಿ.

"ದಿಸ್ ಮಾರ್ನಿಂಗ್" ಇನ್ನೂ ಮಜಾ ಇದೆ. ಬೆಳಿಗ್ಗೆ ಹತ್ತು ಗಂಟೆಗೆ "ಐ ಹ್ಯಾವ್ ಹ್ಯಾಡ್ ಟೂ ಕಾಫೀಸ್ ದಿಸ್ ಮಾರ್ನಿಂಗ್" ಅನ್ನಬಹುದು. ಸಂಜೆ ಕೂತು ಅದೇ ಕಾಫಿ ಬಗ್ಗೆ ಹೇಳುವಾಗ "ಐ ಹ್ಯಾಡ್ ಟೂ ಕಾಫೀಸ್ ದಿಸ್ ಮಾರ್ನಿಂಗ್". ಕಾಫಿ ಅದೇ, ಬೆಳಿಗ್ಗೆ ಮುಗಿದಿದೆ ಅಷ್ಟೇ.

ಕೊಪ್ಪದ ಕಾಫಿ:

ನನ್ನ ಹೆಸರು ಬಂತು ಅಂತ ನಾನೂ ಬಂದೆ 😄

ನಾನು ಎಚ್‌ಆರ್ ಕೆಲಸದಲ್ಲಿದ್ದೇನೆ, ದಿನಾ ರೆಸ್ಯುಮೆ ನೋಡುತ್ತೇನೆ. ಗಿರಾಕಿಯಣ್ಣ ಹೇಳಿದ ಹಾಗೆ "ಆಮ್ ವರ್ಕಿಂಗ್ ಸಿನ್ಸ್" ಅಂದವರನ್ನು ನಾವು ಕೈಬಿಡುವುದಿಲ್ಲ, ಅದು ಎಲ್ಲರಲ್ಲೂ ಇರುತ್ತದೆ. ನಮಗೆ ಗೊಂದಲ ಆಗುವುದು "ಫಾರ್" ಜೊತೆ. "ಐ ವರ್ಕ್ಡ್ ಇನ್ ಎ ಫೈನಾನ್ಸ್ ಕಂಪನಿ ಫಾರ್ ತ್ರೀ ಇಯರ್ಸ್" ಅಂತ ಒಬ್ಬರು ಬರೆಯುತ್ತಾರೆ. ಅಂದರೆ ಬಿಟ್ಟಿದ್ದಾರೆ ಅಂತ ನಾವು ಓದುತ್ತೇವೆ. ಫೋನ್ ಮಾಡಿ "ಯಾವಾಗ ಬಂದು ಸೇರುತ್ತೀರಿ, ನೋಟಿಸ್ ಪೀರಿಯಡ್ ಇಲ್ವಲ್ಲ" ಅಂದರೆ "ಇಲ್ಲ ಮೇಡಂ, ಇನ್ನೂ ಅಲ್ಲೇ ಇದ್ದೇನೆ" ಅನ್ನುತ್ತಾರೆ. ಅವರು ಹೇಳಬೇಕಿದ್ದದ್ದು "ಐ ಹ್ಯಾವ್ ವರ್ಕ್ಡ್". ಫಾರ್ ತ್ರೀ ಇಯರ್ಸ್ ಎರಡಕ್ಕೂ ಹೊಂದುತ್ತದೆ, ಇದ್ದೀರಾ ಬಿಟ್ಟಿದ್ದೀರಾ ಅನ್ನುವುದನ್ನು ಹೇಳುವುದು ಹ್ಯಾವ್ ಒಂದೇ.

ಸಿನ್ಸ್ ಹಾಗಲ್ಲ. ಸಿನ್ಸ್ 2019 ಅಂದರೆ ಇವತ್ತಿನವರೆಗೂ ಅಂತ ಅದರಲ್ಲೇ ಬಂತು. ಅದಕ್ಕೇ ಅಲ್ಲಿ ತಪ್ಪಿದರೂ ಅರ್ಥ ಉಳಿಯುತ್ತದೆ. ಫಾರ್ ಜೊತೆ ತಪ್ಪಿದರೆ ಉಳಿಯುವುದಿಲ್ಲ.

ಆಸ್ಪತ್ರೆ ಡ್ಯೂಟಿ:

ಕಾಫಿ ಅಕ್ಕ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ನಾನು ನರ್ಸ್. ಈಗ ಎಷ್ಟೋ ಜನ ಹೊರಗಿನ ಡಾಕ್ಟರಿಗೆ ವಾಟ್ಸಾಪಿನಲ್ಲಿ ಇಂಗ್ಲಿಷಿನಲ್ಲೇ ಬರೆದು ಕಳಿಸುತ್ತಾರೆ. "ಐ ಹ್ಯಾಡ್ ಫೀವರ್ ಫಾರ್ ಫೋರ್ ಡೇಸ್." ಅಂದರೆ ನಾಲ್ಕು ದಿನ ಜ್ವರ ಇತ್ತು, ಈಗ ಇಲ್ಲ. "ಐ ಹ್ಯಾವ್ ಹ್ಯಾಡ್ ಫೀವರ್ ಫಾರ್ ಫೋರ್ ಡೇಸ್" ಅಂದರೆ ನಾಲ್ಕು ದಿನದಿಂದ ಇದೆ, ಈಗಲೂ ಇದೆ.

ಬೇರೆ ಊರಿನಲ್ಲಿ ಇದು ಸಣ್ಣ ವಿಷಯ ಇರಬಹುದು. ನಮ್ಮಲ್ಲಿ ಬೇಸಿಗೆ ಬಂತು ಅಂದರೆ ಮಂಗನ ಕಾಯಿಲೆ ಭಯ. ಕಾಡಿಗೆ ಹೋಗಿ ಬಂದವರಿಗೆ ಜ್ವರ ಇದೆಯಾ ಇತ್ತಾ ಅನ್ನುವುದರ ಮೇಲೆ ಇವತ್ತೇ ರಕ್ತ ಪರೀಕ್ಷೆಗೆ ಕಳಿಸಬೇಕಾ ಅಂತ ನಿರ್ಧಾರ ಆಗುತ್ತದೆ. ಇಂಗ್ಲಿಷಿನಲ್ಲಿ ಧೈರ್ಯ ಇಲ್ಲದಿದ್ದರೆ ದಯವಿಟ್ಟು ಕನ್ನಡದಲ್ಲೇ "ಈಗಲೂ ಜ್ವರ ಇದೆ" ಅಂತ ಬರೆಯಿರಿ. ಇಂಗ್ಲಿಷೇ ಬೇಕು ಅಂದರೆ "ಐ ಸ್ಟಿಲ್ ಹ್ಯಾವ್ ಫೀವರ್" ಅಂತ ಕೊನೆಗೆ ಒಂದು ಸಾಲು ಸೇರಿಸಿ.

ಹೊಸನಗರದ ಮೇಷ್ಟ್ರು:

ಡ್ಯೂಟಿಯವರು ಕೊಟ್ಟ ಉದಾಹರಣೆಗಿಂತ ಒಳ್ಳೆಯದು ನನ್ನ ಹತ್ತಿರ ಇಲ್ಲ. ಮಂಗನ ಕಾಯಿಲೆಯ ಮೇಲೇ ಇನ್ನೆರಡು ವಾಕ್ಯ ನೋಡಿ. "ಕೆಎಫ್‌ಡಿ ವಾಸ್ ಫಸ್ಟ್ ಐಡೆಂಟಿಫೈಡ್ ಇನ್ 1957." ಸೊರಬದ ಕ್ಯಾಸನೂರು ಕಾಡಿನಲ್ಲಿ ಅದನ್ನು ಗುರುತಿಸಿದ್ದು ಒಂದೇ ಸಲ, ಆ ವರ್ಷ. "ಇಟ್ ಹ್ಯಾಸ್ ಸ್ಪ್ರೆಡ್ ಟು ಅದರ್ ಡಿಸ್ಟ್ರಿಕ್ಟ್ಸ್ ಸಿನ್ಸ್ ದೆನ್." ಹರಡಿದ್ದು ಹರಡಿಯೇ ಇದೆ. ಪತ್ರಿಕೆ ಓದುವಾಗ ಈ ಜೋಡಿಯನ್ನು ಹುಡುಕಿ, ದಿನಕ್ಕೆ ಹತ್ತು ಸಿಗುತ್ತದೆ.

ಸೊಸೈಟಿ ಗುಮಾಸ್ತ:

ನನ್ನದೊಂದು ಇದೆ. ನಾವು ಪತ್ರ ಬರೆಯುವುದೇ ಹೀಗೆ: "ಐ ಹ್ಯಾಡ್ ಅಪ್ಲೈಡ್ ಫಾರ್ ದಿ ಲೋನ್ ಆನ್ 12 ಜೂನ್. ಐ ಹ್ಯಾವ್ ನಾಟ್ ರಿಸೀವ್ಡ್ ಎನಿ ರಿಪ್ಲೈ." ಹೊಸದಾಗಿ ಬಂದ ಹುಡುಗ ಹ್ಯಾಡ್ ಹೊಡೆದು ಹಾಕಿದ. ಮೂವತ್ತು ವರ್ಷದ ಫೈಲ್ ತೆಗೆದು ನೋಡಿದರೂ ಎಲ್ಲ ಪತ್ರದಲ್ಲೂ ಹ್ಯಾಡ್ ಇದೆ. ಅವನು ಸರಿಯಾ, ಫೈಲ್ ಸರಿಯಾ?

ಹೊಸನಗರದ ಮೇಷ್ಟ್ರು:

ಹುಡುಗ ಸರಿ. ಫೈಲಿಗೆ ನಮಸ್ಕಾರ ಹೇಳಿ.

ಹ್ಯಾಡ್ ಬೇಕಾದರೆ ಹಿಂದೆ ನಡೆದ ಎರಡು ಸಂಗತಿ ಇರಬೇಕು, ಅದರಲ್ಲಿ ಒಂದು ಇನ್ನೊಂದಕ್ಕಿಂತ ಮೊದಲು ಆಗಿರಬೇಕು. "ವೆನ್ ಐ ರೀಚ್ಡ್ ದಿ ಬಸ್ ಸ್ಟ್ಯಾಂಡ್, ದಿ ಬಸ್ ಹ್ಯಾಡ್ ಲೆಫ್ಟ್." ನಾನು ಹೋದದ್ದೂ ಹಿಂದೆ, ಬಸ್ಸು ಹೊರಟದ್ದು ಅದಕ್ಕೂ ಹಿಂದೆ. ಇಲ್ಲಿ ಹ್ಯಾಡ್ ತೆಗೆದರೆ ನಾನು ಹೋದ ತಕ್ಷಣ ಬಸ್ಸು ಹೊರಟಿತು ಅಂತಾಗುತ್ತದೆ. "ದಿ ಬಸ್ ವಾಸ್ ಲೀವಿಂಗ್" ಅಂದರೆ ಇನ್ನೂ ಹೊರಡುತ್ತಾ ಇತ್ತು, ಓಡಿದರೆ ಸಿಕ್ಕೀತು. ನೋಡಿ, ಹತ್ತುತ್ತೀರಾ ಬಿಡುತ್ತೀರಾ ಅನ್ನುವುದು ಕ್ರಿಯಾಪದದಲ್ಲೇ ಇದೆ.

ನಿಮ್ಮ ಪತ್ರದಲ್ಲಿ ಎರಡನೇ ಸಂಗತಿ ಹಿಂದಿನದಲ್ಲ. ಉತ್ತರ ಬಂದಿಲ್ಲ ಅನ್ನುವುದು ಈಗಿನ ಮಾತು. "ಐ ಅಪ್ಲೈಡ್ ಆನ್ 12 ಜೂನ್" ಸಾಕು.

ನಾವು ಹ್ಯಾಡ್ ಯಾಕೆ ಹಾಕುತ್ತೇವೆ ಅಂತ ಯೋಚಿಸಿದ್ದೀರಾ? ಕನ್ನಡದ "ಅರ್ಜಿ ಹಾಕಿದ್ದೆ" ಅನ್ನುವುದಕ್ಕೆ ಇನ್ನೊಂದು ಹಳೇ ಸಂಗತಿಯ ಹಂಗಿಲ್ಲ. "ನಿನ್ನೆ ನಿಮ್ಮ ಮನೆಗೆ ಬಂದಿದ್ದೆ, ನೀವಿರಲಿಲ್ಲ" ಅನ್ನುತ್ತೇವೆ. ಹಕ್ಕಿ ಮೇಡಂ ಕೂಡ ಮೊದಲ ಪೋಸ್ಟಿನಲ್ಲೇ "ಅರ್ಜಿ ಹಾಕಿದ್ದೆ, ಮುಂದಿನ ವಾರ ಇಂಟರ್‌ವ್ಯೂ" ಅಂದಿದ್ದಾರೆ, ಕನ್ನಡದಲ್ಲಿ ಅದು ನೂರಕ್ಕೆ ನೂರು ಸರಿ. ನಾನು ನನ್ನ ಕೆಲಸ ಮಾಡಿದ್ದೆ, ಮುಂದೇನಾಯ್ತು ಅನ್ನುವ ಒಂದು ಎಳೆ ಆ "ಇದ್ದೆ"ಯಲ್ಲಿ ಇರುತ್ತದೆ. ಇಂಗ್ಲಿಷಿನ ಹ್ಯಾಡ್‌ನಲ್ಲಿ ಆ ಎಳೆ ಇಲ್ಲ. ಅಲ್ಲಿಯವರು ಓದಿದರೆ ಹ್ಯಾಡ್ ನೋಡಿದ ತಕ್ಷಣ, ಯಾವುದಕ್ಕಿಂತ ಮೊದಲು ಅಂತ ಮುಂದಿನ ಸಾಲಿನಲ್ಲಿ ಹುಡುಕುತ್ತಾರೆ.

ಗಾಂಧಿಬಜಾರ್ ಗಿರಾಕಿ:

ಮೇಷ್ಟ್ರೇ, ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಕೋಟಿಗಟ್ಟಲೆ ಜನ "ಐ ಹ್ಯಾಡ್ ಅಪ್ಲೈಡ್" ಅಂತ ಬರೆದು, ಕೋಟಿಗಟ್ಟಲೆ ಜನ ಓದಿ ಅರ್ಥ ಮಾಡಿಕೊಂಡರೆ ಅದು ತಪ್ಪು ಹೇಗೆ? ಅಮೆರಿಕದವರು "ಡಿಡ್ ಯು ಈಟ್ ಯೆಟ್" ಅನ್ನುತ್ತಾರೆ, ಅಲ್ಲಿ ಹ್ಯಾವ್ ಎಲ್ಲಿ ಹೋಯ್ತು? ಅವರಿಗೆ ಒಂದು ನ್ಯಾಯ, ನಮಗೆ ಒಂದು ನ್ಯಾಯವಾ?

ಹೊಸನಗರದ ಮೇಷ್ಟ್ರು:

ಬೇಜಾರು ಎಂತಕ್ಕೆ, ಒಳ್ಳೆಯ ಪ್ರಶ್ನೆ. ನೀವು ಹೇಳಿದ್ದು ಖರೆ. ಜಸ್ಟ್, ಆಲ್‌ರೆಡಿ, ಯೆಟ್ ಇದ್ದಾಗ ಅಮೆರಿಕದವರು ಸಾದಾ ಭೂತಕಾಲವನ್ನೇ ಆರಾಮಾಗಿ ಬಳಸುತ್ತಾರೆ, ಬ್ರಿಟಿಷರಿಗೆ ಹ್ಯಾವ್ ಬೇಕು. ಭಾರತದ ಇಂಗ್ಲಿಷ್ ತನ್ನದೇ ರೀತಿ ಇರುವ ಇಂಗ್ಲಿಷ್, ಅದನ್ನು ಬರೀ ತಪ್ಪುಗಳ ರಾಶಿ ಅಂತ ನೋಡಬಾರದು ಅಂತ ಬ್ರಜ್ ಕಚ್ರು ಅವರಂಥ ಭಾಷಾ ವಿದ್ವಾಂಸರು ಬಹಳ ಹಿಂದೆಯೇ ವಾದ ಮಾಡಿದ್ದಾರೆ. ನನಗೂ ಅದರಲ್ಲಿ ತಕರಾರಿಲ್ಲ. ಸಂತೆಯಲ್ಲಿ, ಆಫೀಸಿನಲ್ಲಿ, ನಮ್ಮ ನಮ್ಮೊಳಗೆ ಹೇಗೆ ಬೇಕಾದರೂ ಮಾತಾಡೋಣ.

ಆದರೆ ಹಕ್ಕಿ ಮೇಡಂ ಕೇಳುತ್ತಿರುವುದು ಇಂಟರ್‌ವ್ಯೂಗೆ. ನಾಳೆ ಇನ್ನೊಬ್ಬರು ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಕೇಳುತ್ತಾರೆ. ಅಲ್ಲಿ ಮಾತಿನ ಪರೀಕ್ಷೆಯಲ್ಲಿ ನಾಲ್ಕು ಅಳತೆಗೋಲು, ಅದರಲ್ಲಿ ಒಂದು ವ್ಯಾಕರಣ. ಅಂದರೆ ಕಾಲು ಭಾಗ ಅಂಕ. ಅಲ್ಲಿ ಕಚ್ರು ಅವರ ಹೆಸರು ಹೇಳಿದರೆ ಅಂಕ ಕೊಡುವುದಿಲ್ಲ.

ಕೊಪ್ಪದ ಕಾಫಿ:

😂😂

ಅಡಿಕೆ ಸುಲಿಯೋನು:

ಮೇಷ್ಟ್ರ ಎರಡನೇ ಪ್ರಶ್ನೆಯಲ್ಲಿ ನನಗೊಂದು ಅನುಮಾನ. "ಸಂಗತಿ ಈಗಲೂ ಇದೆಯಾ" ಅಂತ ನೋಡಬೇಕು ಅಂದಿರಿ. ಆದರೆ ಮಳೆ ಈಗಷ್ಟೇ ನಿಂತಿದೆ, ಅಂಗಳ ಎಲ್ಲ ಒದ್ದೆ. ಆಗ ಇಂಗ್ಲಿಷ್‌ನವರು "ಇಟ್ ಹ್ಯಾಸ್ ಬೀನ್ ರೈನಿಂಗ್" ಅನ್ನುತ್ತಾರೆ. ಮಳೆ ಈಗ ಇಲ್ವಲ್ಲ? ನನ್ನ ಮಗಳ ಪುಸ್ತಕದಲ್ಲಿ ಇದೆ, ಅದಕ್ಕೆ ಕೇಳಿದೆ.

ಹೊಸನಗರದ ಮೇಷ್ಟ್ರು:

ಸುಲಿಯೋರೇ, ಸಿಪ್ಪೆ ಸರಿಯಾಗಿ ಸುಲಿದಿರಿ. ನಿಜ. ಈಗಷ್ಟೇ ಮುಗಿದು ಗುರುತು ಕಣ್ಣೆದುರಿಗೆ ಇದ್ದರೆ ಹ್ಯಾಸ್ ಬೀನ್ ರೈನಿಂಗ್ ನಡೆಯುತ್ತದೆ. ಮಳೆ ಇಲ್ಲ, ಒದ್ದೆ ಇದೆ. ಹಾಗಾಗಿ ಪ್ರಶ್ನೆಯನ್ನು ಸ್ವಲ್ಪ ಅಗಲ ಮಾಡಿ: ಸಂಗತಿಯೋ, ಅದರ ಗುರುತೋ, ಪರಿಣಾಮವೋ ಏನೋ ಒಂದು ಈಗ ಇದೆಯಾ?

ನಿಮ್ಮ ತೋಟಕ್ಕೇ ಬರುತ್ತೇನೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಅನ್ನುವ ನೀಲಿ ಔಷಧಿ ಹೊಡೆಯುತ್ತೀರಲ್ಲ. "ವಿ ಹ್ಯಾವ್ ಸ್ಪ್ರೇಡ್ ದಿ ಗಾರ್ಡನ್" ಅಂದರೆ ಹೊಡೆದಾಯ್ತು, ತೋಟಕ್ಕೆ ರಕ್ಷಣೆ ಸಿಕ್ಕಿತು. "ವಿ ಹ್ಯಾವ್ ಬೀನ್ ಸ್ಪ್ರೇಯಿಂಗ್" ಅಂದರೆ ಅದೇ ಕೆಲಸದಲ್ಲಿದ್ದೆವು, ಅದಕ್ಕೇ ಕೈ ಬಟ್ಟೆ ಎಲ್ಲ ನೀಲಿ. ಮುಗೀತಾ ಇಲ್ವಾ ಅಂತ ಅದು ಹೇಳುವುದಿಲ್ಲ. ಎಷ್ಟು ಸಲ ಅಂತ ಲೆಕ್ಕ ಬಂದರೆ ಮೊದಲನೇದೇ ಬೇಕು. "ವಿ ಹ್ಯಾವ್ ಸ್ಪ್ರೇಡ್ ಟ್ವೈಸ್ ದಿಸ್ ಮಾನ್‌ಸೂನ್." ಅಲ್ಲಿ "ಹ್ಯಾವ್ ಬೀನ್ ಸ್ಪ್ರೇಯಿಂಗ್ ಟ್ವೈಸ್" ಆಗುವುದಿಲ್ಲ.

ಅಡಿಕೆ ಸುಲಿಯೋನು:

ಅರ್ಥ ಆಯ್ತು. ಮಗಳಿಗೆ ಇದನ್ನೇ ತೋರಿಸುತ್ತೇನೆ, ಅವಳ ಪುಸ್ತಕದಲ್ಲಿ ಜಾನ್ ಬೇಲಿಗೆ ಬಣ್ಣ ಹೊಡೆಯುತ್ತಾನೆ, ನಮ್ಮ ಮನೆಯಲ್ಲಿ ಯಾರೂ ಬೇಲಿಗೆ ಬಣ್ಣ ಹೊಡೆದವರಿಲ್ಲ.

ತುಮರಿ ಕಡೆಯವಳು:

ನಾನು ಸಿಗಂದೂರು ಹತ್ತಿರದವಳು, ಈಗ ಹೊರದೇಶದಲ್ಲಿದ್ದೇನೆ. ಆಫೀಸಿನವರಿಗೆ ನಮ್ಮೂರಿನ ಕಥೆ ಹೇಳುವಾಗ "ವಿ ವರ್ ಕ್ರಾಸಿಂಗ್ ದಿ ರಿವರ್ ಬೈ ಲಾಂಚ್" ಅಂದೆ. "ಓ, ಆಮೇಲೆ ಏನಾಯ್ತು?" ಅಂತ ಎಲ್ಲರೂ ಕಾಯುತ್ತಾ ಕೂತರು. ಏನೂ ಆಗಲಿಲ್ಲ ಮಾರಾಯ್ರೆ, ದಿನಾ ದಾಟುತ್ತಿದ್ದೆವು ಅಷ್ಟೇ!

ಆಮೇಲೆ ಒಬ್ಬರು ಹೇಳಿದರು, "ವರ್ ಕ್ರಾಸಿಂಗ್" ಅಂದರೆ ಒಂದು ದಿನ ಹೊಳೆ ಮಧ್ಯೆ ಇದ್ದಾಗ ಅಂತಾಗುತ್ತದೆ, ಕೇಳುವವರು ಲಾಂಚ್ ಮುಳುಗಿತೋ ಏನೋ ಅಂತ ಕಾಯುತ್ತಾರೆ, ರೂಢಿಯ ಮಾತಿಗೆ "ಯೂಸ್ಡ್ ಟು ಕ್ರಾಸ್" ಅನ್ನಬೇಕು ಅಂತ. ಕನ್ನಡದಲ್ಲಿ "ದಾಟುತ್ತಿದ್ದೆವು" ಅಂದರೆ ಎರಡೂ ಬಂತಲ್ಲ. ಲಿಂಗನಮಕ್ಕಿ ಹಿನ್ನೀರಿನ ಕಥೆ ಇಂಗ್ಲಿಷಿನಲ್ಲಿ ಹೇಳುವವರಿಗೆಲ್ಲ ಈ ತೊಂದರೆ ಆಗೇ ಆಗುತ್ತದೆ.

ಹೊಸನಗರದ ಮೇಷ್ಟ್ರು:

ಈ ಇಡೀ ಚರ್ಚೆಯಲ್ಲಿ ನಮ್ಮವರಿಗೆ ಅತಿ ಕಡಿಮೆ ಗೊತ್ತಿರುವುದು ಇದೇ. ಶಾಲೆಯ ಹನ್ನೆರಡರ ಪಟ್ಟಿಯಲ್ಲಿ ಯೂಸ್ಡ್ ಟು ಇಲ್ಲವೇ ಇಲ್ಲ! ಹಾಗಾಗಿ ನಾವು "ಮಾಡುತ್ತಿದ್ದೆ" ಅಂತ ಬಂದಲ್ಲೆಲ್ಲ "ವಾಸ್ ಡೂಯಿಂಗ್" ತುರುಕುತ್ತೇವೆ.

"ಬಿಫೋರ್ ದಿ ಬ್ರಿಡ್ಜ್ ಓಪನ್ಡ್ ಇನ್ 2025, ಪೀಪಲ್ ಯೂಸ್ಡ್ ಟು ಕ್ರಾಸ್ ಬೈ ಲಾಂಚ್." ಹಿಂದಿನ ರೂಢಿ. "ವಿ ವರ್ ಕ್ರಾಸಿಂಗ್ ಬೈ ಲಾಂಚ್ ವೆನ್ ಇಟ್ ಸ್ಟಾರ್ಟೆಡ್ ರೈನಿಂಗ್." ಒಂದು ದಿನದ ಕಥೆ, ನಡುವೆ ಇನ್ನೊಂದು ಘಟನೆ ಬಂತು. ವಾಸ್, ವರ್ ಜೊತೆ ಇಂಗ್ ಬಂದರೆ ಕೇಳುವವರಿಗೆ "ಆಗ ಏನಾಯ್ತು" ಅನ್ನುವ ನಿರೀಕ್ಷೆ ಸಹಜವಾಗಿ ಹುಟ್ಟುತ್ತದೆ. ನಿಮ್ಮ ಆಫೀಸಿನವರ ತಪ್ಪಿಲ್ಲ.

ರೂಢಿಗೆ "ವುಡ್" ಕೂಡ ಹಾಕಬಹುದು. "ಎವ್ರಿ ಸಮ್ಮರ್ ವಿ ವುಡ್ ಗೋ ಟು ಅಜ್ಜಿಸ್ ಹೌಸ್." ಆದರೆ ಅದು ಪದೇ ಪದೇ ಮಾಡಿದ ಕೆಲಸಕ್ಕೆ ಮಾತ್ರ, ಹಾಗೆ ಇದ್ದ ಸ್ಥಿತಿಗೆ ಅಲ್ಲ. ಮನೆ ಮುಂದೆ ಹಲಸಿನ ಮರ ಇತ್ತು ಅನ್ನಲು "ದೇರ್ ಯೂಸ್ಡ್ ಟು ಬಿ ಎ ಜ್ಯಾಕ್‌ಫ್ರೂಟ್ ಟ್ರೀ" ಸರಿ, "ದೇರ್ ವುಡ್ ಬಿ" ಅಂದರೆ ಕೆಡುತ್ತದೆ. ಸಂಶಯ ಬಂದಾಗ ಯೂಸ್ಡ್ ಟು ಹಿಡಿಯಿರಿ, ಎರಡಕ್ಕೂ ಆಗುತ್ತದೆ. ಈಗ ಹಾಗಿಲ್ಲ ಅನ್ನುವ ಧ್ವನಿಯೂ ಅದರಲ್ಲೇ ಸಿಗುತ್ತದೆ.

ಸೊಸೈಟಿ ಗುಮಾಸ್ತ:

ಹಾಗಾದರೆ "ಮೈ ಫಾದರ್ ವಾಸ್ ಹ್ಯಾವಿಂಗ್ ಟೂ ಏಕರ್ಸ್" ಅನ್ನುವುದೂ ತಪ್ಪಾ?

ಕೊಪ್ಪದ ಕಾಫಿ:

ಅದಕ್ಕೆ ನಾನೇ ಹೇಳುತ್ತೇನೆ, ಮೇಷ್ಟ್ರು ಸ್ವಲ್ಪ ಸುಧಾರಿಸಿಕೊಳ್ಳಲಿ. ಹ್ಯಾವ್ ಅಂದರೆ ಒಡೆತನ ಅನ್ನುವ ಅರ್ಥ ಇದ್ದಾಗ ಇಂಗ್ ಬೇಡ. ನೋ, ಬಿಲೀವ್, ಓನ್, ಲೈಕ್ ಇವೂ ಅದೇ ಗುಂಪು. "ಐ ಆಮ್ ನೋಯಿಂಗ್ ಹಿಮ್ ಸಿನ್ಸ್ 2010" ಅನ್ನುವುದನ್ನು ತಿದ್ದಲು ಹೋಗಿ ಕೆಲವರು "ಹ್ಯಾವ್ ಬೀನ್ ನೋಯಿಂಗ್" ಮಾಡುತ್ತಾರೆ, ಅದೂ ಅಲ್ಲ. "ಐ ಹ್ಯಾವ್ ನೋನ್ ಹಿಮ್ ಸಿನ್ಸ್ 2010". ಊಟ, ಮೀಟಿಂಗ್ ಇದ್ದರೆ ಮಾತ್ರ ಹ್ಯಾವಿಂಗ್. ವಿ ಆರ್ ಹ್ಯಾವಿಂಗ್ ಲಂಚ್, ಅದು ಓಕೆ.

ನಿಮ್ಮ ತಂದೆಯವರ ಜಮೀನು ಈಗಲೂ ಇದ್ದರೆ "ಹ್ಯಾಸ್ ಟೂ ಏಕರ್ಸ್" ಅಂತ ಬರೆಯಿರಿ. "ಹ್ಯಾಡ್" ಅಂದರೆ ಮಾರಿದರೋ ಅಥವಾ ತೀರಿಕೊಂಡರೋ ಅಂತ ಓದುವವರು ಅಂದುಕೊಳ್ಳುತ್ತಾರೆ.

ತುಮರಿ ಕಡೆಯವಳು:

ತೀರಿಕೊಂಡವರ ವಿಷಯ ಬಂತಲ್ಲ. "ಕುವೆಂಪು ಹ್ಯಾಸ್ ರಿಟನ್ ಮೆನಿ ಪೊಯಮ್ಸ್" ಅಂತ ಬರೆಯಬಹುದಾ? ಕವಿತೆ ಈಗಲೂ ಇದೆಯಲ್ಲ, ಗುರುತು ಇದ್ದರೆ ಹ್ಯಾವ್ ನಡೆಯುತ್ತದೆ ಅಂದಿರಿ. ತೀರ್ಥಹಳ್ಳಿ ಬಗ್ಗೆ ಒಂದು ಚಿಕ್ಕ ಲೇಖನ ಬರೆಯುತ್ತಿದ್ದೇನೆ, ಅದಕ್ಕೆ ಬೇಕು.

ಕೊಪ್ಪದ ಕಾಫಿ:

ಬರೆಯುವಾಗ ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ ಅಂತಲೂ ಬರೆಯಿರಿ. ಬೆಳೆದದ್ದು ಕುಪ್ಪಳಿ, ಒಪ್ಪುತ್ತೇನೆ.

ಹೊಸನಗರದ ಮೇಷ್ಟ್ರು:

ತಾಲೂಕು ಜಗಳ ಬೇರೆ ಕಡೆ ಇಟ್ಟುಕೊಳ್ಳಿ 😀

ತುಮರಿಯವರೇ, ಅಲ್ಲಿ "ರೋಟ್" ಅಂತಲೇ ಬರೆಯಿರಿ. ಕುವೆಂಪು 1994ರಲ್ಲಿ ತೀರಿಕೊಂಡರು. ಇನ್ನೊಂದು ಕವಿತೆ ಬರೆಯಲು ಸಾಧ್ಯವಿಲ್ಲದವರ ಬಗ್ಗೆ "ಹ್ಯಾಸ್ ರಿಟನ್" ಅಂದರೆ ಇಂಗ್ಲಿಷ್ ಕಿವಿಗೆ ಅವರು ಇನ್ನೂ ಇದ್ದಾರೆ ಅನ್ನಿಸುತ್ತದೆ. ಬರೆದವರೇ ಆ ವಾಕ್ಯದ ಕರ್ತೃ ಆದ್ದರಿಂದ ಅವರು ಇದ್ದಾರಾ ಅನ್ನುವುದೇ ಲೆಕ್ಕಕ್ಕೆ ಬರುತ್ತದೆ. ಆದರೆ "ಕುವೆಂಪು ಹ್ಯಾಸ್ ಇನ್‌ಫ್ಲುಯೆನ್ಸ್ಡ್ ಜನರೇಷನ್ಸ್ ಆಫ್ ರೈಟರ್ಸ್" ಧಾರಾಳವಾಗಿ ಬರೆಯಬಹುದು. ಬರೆಯುವುದು ನಿಂತಿದೆ, ಪ್ರಭಾವ ನಿಂತಿಲ್ಲ.

ಹಾಗೇ "ಕುವೆಂಪು ವನ್ ದಿ ಜ್ಞಾನಪೀಠ", ಆದರೆ "ಕನ್ನಡ ಹ್ಯಾಸ್ ವನ್ ಎಯ್ಟ್ ಜ್ಞಾನಪೀಠ ಅವಾರ್ಡ್ಸ್". ಭಾಷೆ ಇದೆ, ಒಂಬತ್ತನೆಯದೂ ಬರಬಹುದು.

ಮಂಡಗದ್ದೆ ಹಕ್ಕಿ:

ಎಲ್ಲ ಓದಿದೆ. ಈಗ ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

"ಐ ಕಂಪ್ಲೀಟೆಡ್ ಮೈ ಬಿಕಾಂ ಇನ್ 2018. ಐ ವರ್ಕ್ಡ್ ವಿತ್ ಆ್ಯನ್ ಆಡಿಟರ್ ಫಾರ್ ಎ ಇಯರ್. ಐ ಹ್ಯಾವ್ ಬೀನ್ ವರ್ಕಿಂಗ್ ಇನ್ ಮೈ ಪ್ರೆಸೆಂಟ್ ಆಫೀಸ್ ಸಿನ್ಸ್ 2019. ಸಿನ್ಸ್ ಐ ಹ್ಯಾವ್ ಜಾಯಿನ್ಡ್, ಐ ಹ್ಯಾವ್ ಹ್ಯಾಂಡಲ್ಡ್ ಜಿಎಸ್‌ಟಿ ರಿಟರ್ನ್ಸ್ ಫಾರ್ ಮೆನಿ ಕ್ಲೈಂಟ್ಸ್."

ಹೊಸನಗರದ ಮೇಷ್ಟ್ರು:

ಮೊದಲ ಮೂರು ಸಾಲು ಮುಟ್ಟಬೇಡಿ. ನಾಲ್ಕನೆಯದರಲ್ಲಿ ಒಂದು ಹ್ಯಾವ್ ಜಾಸ್ತಿ. ಸೇರಿದ್ದು ಒಂದು ದಿನದ ಕೆಲಸ, ಆವತ್ತೇ ಮುಗೀತು. "ಸಿನ್ಸ್ ಐ ಜಾಯಿನ್ಡ್, ಐ ಹ್ಯಾವ್ ಹ್ಯಾಂಡಲ್ಡ್..." ಅನ್ನಿ. ಸಿನ್ಸ್ ಒಳಗಿನ ಕ್ರಿಯಾಪದ ಶುರುವಾದ ದಿನದ್ದು, ಹೊರಗಿನದು ಅಲ್ಲಿಂದ ಇಲ್ಲಿಯವರೆಗಿನದು.

ಗಾಂಧಿಬಜಾರ್ ಗಿರಾಕಿ:

ಆಲ್ ದಿ ಬೆಸ್ಟ್ ಹಕ್ಕಿ ಮೇಡಂ. ಒಪ್ಪದಿದ್ದರೂ ಪೂರ್ತಿ ಓದಿದೆ ನಾನು. ಒಂದು ಕೊನೇ ಪ್ರಶ್ನೆ. ಹೋದ ತಿಂಗಳು ಜೋಗಕ್ಕೆ ಬಂದಿದ್ದ ವಿದೇಶದವರಿಗೆ "ಹೌ ಲಾಂಗ್ ಆರ್ ಯು ಹಿಯರ್ ಫಾರ್?" ಅಂತ ಕೇಳಿದೆ, "ಅಂಟಿಲ್ ಸಂಡೇ" ಅಂದರು. ನಾನು ಕೇಳಿದ್ದು ಬಂದು ಎಷ್ಟು ದಿನ ಆಯ್ತು ಅಂತ.

ಹೊಸನಗರದ ಮೇಷ್ಟ್ರು:

ನೀವು ಕೇಳಿದ್ದು "ಎಷ್ಟು ದಿನ ಇರುತ್ತೀರಿ" ಅಂತ, ಅವರು ಅದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟರು. "ಆರ್ ಯು ಹಿಯರ್ ಫಾರ್" ಅಂದರೆ ಒಟ್ಟು ಎಷ್ಟು ದಿನಕ್ಕೆ ಅಂತ ಬಂದಿದ್ದೀರಿ, ಅದು ಮುಂದಕ್ಕೆ ನೋಡುತ್ತದೆ. ಬಂದು ಎಷ್ಟು ದಿನ ಆಯ್ತು ಅಂತ ಕೇಳಲು "ಹೌ ಲಾಂಗ್ ಹ್ಯಾವ್ ಯು ಬೀನ್ ಹಿಯರ್?" ಹಕ್ಕಿ ಮೇಡಂ, ಇಂಟರ್‌ವ್ಯೂನಲ್ಲಿ "ಹೌ ಲಾಂಗ್ ಹ್ಯಾವ್ ಯು ಬೀನ್ ವಿತ್ ಯುವರ್ ಪ್ರೆಸೆಂಟ್ ಕಂಪನಿ" ಅಂತ ಕೇಳುವ ಸಾಧ್ಯತೆ ಇದೆ. ಪ್ರಶ್ನೆಯಲ್ಲಿ ಹ್ಯಾವ್ ಬಂದರೆ ಉತ್ತರದಲ್ಲೂ ಹ್ಯಾವ್. "ಫಾರ್" ಹಾಕಿದರೆ ವರ್ಷಗಳ ಲೆಕ್ಕ ಹೇಳಿ, "ಸಿನ್ಸ್" ಹಾಕಿದರೆ 2019 ಅಂತ ಹೇಳಿ, ಗಾಬರಿಯಲ್ಲಿ "ಸಿನ್ಸ್ ಫೈವ್ ಇಯರ್ಸ್" ಅನ್ನಬೇಡಿ.